ಹೆಸರು ಬಚ್ಚಿಟ್ಟ ವೈಫೈಗೆ ಲ್ಯಾಪ್‌ಟಾಪ್ ಜೋಡಿಸುವುದು ಹೇಗೆ?

ಪಕ್ಕದ ಮನೆಯವರು ವೈಫೈ ಕದಿಯುತ್ತಾರೆಂಬ ಗುಮಾನಿಯಲ್ಲಿ ನಮ್ಮ ಭಾವ ರೂಟರ್‌ನ ಹೆಸರನ್ನೇ ಮರೆಮಾಡಿಬಿಟ್ಟರು. ಆಮೇಲೊಂದು ದಿನ ಮಗಳಿಗೆ ಹೊಸ ಲ್ಯಾಪ್‌ಟಾಪ್ ಬಂತು. ಪಟ್ಟಿಯಲ್ಲಿ ಬೀದಿಯ ವೈಫೈಗಳೆಲ್ಲ ಕಾಣುತ್ತಿವೆ, ಸ್ವಂತದ್ದೇ ಇಲ್ಲ! ಪಾಸ್‌ವರ್ಡ್ ಭಾವನ ನಾಲಗೆ ತುದಿಯಲ್ಲಿತ್ತು. ಹೆಸರು? 'ಏನೋ ಹೋಮ್ ಅಂತ ಇಟ್ಟಿದ್ದೆ ಕಣೋ' ಎಂದರು.

ಎಡವಟ್ಟಾಗುವುದೆಲ್ಲ ಇಲ್ಲೇ. ಆದ್ದರಿಂದ ಲ್ಯಾಪ್‌ಟಾಪ್ ಮುಟ್ಟುವ ಮೊದಲು ಹೆಸರನ್ನು ಅಕ್ಷರಶಃ ಬರೆದಿಟ್ಟುಕೊಳ್ಳಿ. ರೂಟರ್‌ನ ಬೆನ್ನಿಗಿರುವ ಚೀಟಿ ನಂಬಬೇಡಿ. ಅದರಲ್ಲಿರುವುದು ಕಂಪನಿ ಇಟ್ಟ ಹೆಸರು. ಈಗಾಗಲೇ ಜೋಡಣೆಯಾಗಿರುವ ಮೊಬೈಲಿನ ವೈಫೈ ಸೆಟ್ಟಿಂಗ್ಸ್‌ನಲ್ಲಿ ನೋಡಿ. ಅಂಥ ಮೊಬೈಲ್ ಇಲ್ಲದಿದ್ದರೆ ರೂಟರ್‌ನಿಂದ ಲ್ಯಾಪ್‌ಟಾಪ್‌ಗೆ ಲ್ಯಾನ್ ಕೇಬಲ್ ಚುಚ್ಚಿ, ಬ್ರೌಸರ್‌ನಲ್ಲಿ ರೂಟರ್ ವಿಳಾಸ (ಸಾಮಾನ್ಯವಾಗಿ 192.168.1.1 ಅಥವಾ 192.168.0.1) ಹೊಡೆದು ವೈರ್‌ಲೆಸ್ ಪುಟ ತೆರೆಯಿರಿ.

ಇಂಗ್ಲಿಷ್‌ನ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ ಲೆಕ್ಕ. ಸೊನ್ನೆಯೋ 'ಓ'ನೋ, ಸಣ್ಣ 'ಎಲ್'ಓ ದೊಡ್ಡ 'ಐ'ನೋ, ನಡುವಿನ ಗೆರೆ ಮೇಲಿದೆಯೋ ಕೆಳಗಿದೆಯೋ, ಎಲ್ಲ ನೋಡಿ. ಇನ್ನೂ ಕಿತಾಪತಿಯದು ಕೊನೆಯ ಖಾಲಿ ಜಾಗ. ಮೊಬೈಲಿನಲ್ಲಿ ಹೆಸರಿಡುವಾಗ ಕೀಬೋರ್ಡ್ ಸೂಚಿಸಿದ ಪದ ಒತ್ತಿದರೆ ಅದರ ಹಿಂದೆಯೇ ಒಂದು ಸ್ಪೇಸ್ ಕೂಡ ಬಂದು ಕೂರುತ್ತದೆ. ಕಣ್ಣಿಗೆ ಕಾಣದು, ಲ್ಯಾಪ್‌ಟಾಪ್ ಮಾತ್ರ ಬಿಡದು. ಭಾವನ ಮನೆಯಲ್ಲಿ ಆಗಿದ್ದು ಇದೇ.

ಉಳಿದದ್ದು ಸಲೀಸು. ವಿಂಡೋಸ್ 11ರಲ್ಲಿ ವೈಫೈ ಪಟ್ಟಿಯ ತಳದಲ್ಲಿರುವ 'ಹಿಡನ್ ನೆಟ್‌ವರ್ಕ್' ಒತ್ತಿ, ತಾನೇ ಜೋಡಿಸಿಕೊಳ್ಳುವ ಆಯ್ಕೆಗೆ ಟಿಕ್ ಹಾಕಿ, ಹೆಸರು, ಆಮೇಲೆ ಪಾಸ್‌ವರ್ಡ್ ಕೊಡಿ. ಮ್ಯಾಕ್‌ನಲ್ಲಿ 'ಅದರ್' ಎಂದಿರುತ್ತದೆ. ಭದ್ರತೆಯ ಬಗೆ ಕೇಳಿದರೆ ರೂಟರ್ ಪುಟದಲ್ಲಿ ಇರುವುದನ್ನೇ ಆರಿಸಿ. ಮನೆಗಳಲ್ಲಿ ಹೆಚ್ಚಾಗಿ ಡಬ್ಲ್ಯುಪಿಎ2 ಪರ್ಸನಲ್. ಪಾಸ್‌ವರ್ಡ್ ಕೇಳುವ ಮೊದಲೇ 'ಆಗಲ್ಲ' ಎಂದರೆ ಪಾಸ್‌ವರ್ಡ್ ಮೇಲೆ ಅನುಮಾನಪಡಬೇಡಿ, ಹೆಸರನ್ನೇ ಮತ್ತೆ ನೋಡಿ. ಹೆಸರೂ ಸರಿಯಿದ್ದರೆ ಅದು 5 ಗಿಗಾಹರ್ಟ್ಸ್‌ನ ಹೆಸರಿರಬಹುದು (ಎಷ್ಟೋ ರೂಟರ್‌ಗಳು 2.4, 5 ಗಿಗಾಹರ್ಟ್ಸ್ ಎಂಬ ಎರಡು ರೇಡಿಯೊ ತರಂಗಗಳಲ್ಲಿ ವೈಫೈ ಕೊಡುತ್ತವೆ, ಎರಡಕ್ಕೂ ಬೇರೆ ಹೆಸರಿರಬಹುದು). ಹಳೆಯ ಲ್ಯಾಪ್‌ಟಾಪ್ ಕೆಲವಕ್ಕೆ 2.4 ಬಿಟ್ಟು ಬೇರೆ ಗೊತ್ತಿಲ್ಲ.

ಬೇಸತ್ತು ರೂಟರ್‌ನ ರೀಸೆಟ್ ತೂತಿಗೆ ಪಿನ್ ಚುಚ್ಚುವವರಿದ್ದಾರೆ. ದಮ್ಮಯ್ಯ, ಬೇಡ. ಎಷ್ಟೋ ಕಡೆ ಇಂಟರ್ನೆಟ್ ಕಂಪನಿಯವರು ತುಂಬಿಸಿಟ್ಟ ಯೂಸರ್‌ನೇಮ್ ಕೂಡ ಅಳಿಸಿಹೋಗಿ, ಅವರು ಬರುವವರೆಗೆ ಮನೆಗೇ ನೆಟ್ ಇರುವುದಿಲ್ಲ. 'ವೈಫೈ ಬೂಸ್ಟರ್', 'ಪಾಸ್‌ವರ್ಡ್ ಫೈಂಡರ್' ಎಂಬ ಪುಕ್ಕಟೆ ಆ್ಯಪ್‌ಗಳೂ ಬೇಡ, ಜಾಹೀರಾತು ಸುರಿಯುವುದು ಬಿಟ್ಟರೆ ಅವುಗಳಿಂದ ಏನೂ ಆಗದು.

ನನ್ನನ್ನು ಕೇಳಿದರೆ ಹೆಸರು ಬಚ್ಚಿಡುವುದೇ ದಂಡ. ಕದಿಯಲು ಬಲ್ಲವನಿಗೆ ಅದು ಪುಟ್ಟ ಸಾಫ್ಟ್‌ವೇರ್‌ನಲ್ಲೇ ಸಿಗುತ್ತದೆ. ಮೇಲಾಗಿ, ಬಚ್ಚಿಟ್ಟ ವೈಫೈ ಹುಡುಕುವ ಲ್ಯಾಪ್‌ಟಾಪ್ ಹೋದಲ್ಲೆಲ್ಲ, ಬಸ್ ಸ್ಟ್ಯಾಂಡಿನಲ್ಲೂ, 'ಇದ್ದೀಯಾ?' ಎಂದು ಅದರ ಹೆಸರು ಹಿಡಿದು ಕೂಗುತ್ತಿರುತ್ತದೆ. ಅದರ ಬದಲು ಹದಿನೈದಿಪ್ಪತ್ತು ಅಕ್ಷರದ ಪಾಸ್‌ವರ್ಡ್ ಇಟ್ಟು ಹೆಸರನ್ನು ಕಾಣಲು ಬಿಡಿ. ಹಾಗೆ ಬಿಟ್ಟ ಮೇಲೆ ಲ್ಯಾಪ್‌ಟಾಪ್‌ನಲ್ಲಿ ಹಳೆಯ ನಮೂದಿಗೆ 'ಫರ್ಗೆಟ್' ಒತ್ತಿ ಹೊಸದಾಗಿ ಜೋಡಿಸಿ, ಇಲ್ಲದಿದ್ದರೆ ಅದು ಕೂಗುವುದನ್ನು ನಿಲ್ಲಿಸುವುದಿಲ್ಲ.