ಸೋಲಾರ್ ಹಾಕಿಸುವ ಮುಂಚೆ ಮೀಟರ್ ಮುಂದೆ ಒಂದು ನಿಮಿಷ ನಿಲ್ಲಿ

‘ಎಷ್ಟು ಕಿಲೋವ್ಯಾಟ್ ಹಾಕಿಸೋಣ ಸಾರ್?’ ಸೋಲಾರ್ ಮಾರುವವರು ಮೊದಲು ಕೇಳುವುದೇ ಇದನ್ನು. ನಾವು ಹಳೇ ಬಿಲ್ ತೋರಿಸುತ್ತೇವೆ. ಅವರು ಅದನ್ನು ನೋಡಿ ಒಂದು ಅಂಕಿ ಹೇಳುತ್ತಾರೆ. ಆದರೆ ಆ ಬಿಲ್‌ನಲ್ಲಿ ಸುಮ್ನೆ ಪೋಲಾದ ಯೂನಿಟ್‌ಗಳೂ ಇವೆ ಅಲ್ವಾ? ಅದಕ್ಕೂ ಸೇರಿಸಿ ಪ್ಯಾನೆಲ್ ಕೊಂಡರೆ ಸೋರುವ ಟ್ಯಾಂಕ್‌ಗೆ ದೊಡ್ಡ ಮೋಟರ್ ಕೂರಿಸಿದ ಹಾಗೆ. ಅದಕ್ಕೇ ಲೆಕ್ಕವನ್ನು ಇನ್ನೊಂದು ತುದಿಯಿಂದ ಶುರು ಮಾಡೋಣ.

ಹಂತ 1: ಕೆಂಪು ದೀಪ ಎಣಿಸಿ

1000 ವ್ಯಾಟ್‌ನ, ಅಂದರೆ ಒಂದು ಕಿಲೋವ್ಯಾಟ್‌ನ, ಸಾಮಾನು ಒಂದು ಗಂಟೆ ಓಡಿದರೆ ಒಂದು ಯೂನಿಟ್. ಡಿಜಿಟಲ್ ಮೀಟರ್ ಮೇಲೆ ಪುಟ್ಟ ಕೆಂಪು ದೀಪ ಮಿನುಗುತ್ತಿರುತ್ತದೆ, ನೋಡಿದ್ದೀರಾ? ಮೀಟರ್ ಮೇಲೇ 3200 ಎಂದೋ 1600 ಎಂದೋ ಬರೆದಿರುತ್ತದೆ. ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಖರ್ಚಾಯಿತು ಅಂತ. 3200ರ ಮೀಟರ್ ಆದರೆ ನಿಮಿಷಕ್ಕೆ ಒಂದು ಮಿನುಗು ಅಂದರೆ ಹೆಚ್ಚುಕಡಿಮೆ 19 ವ್ಯಾಟ್.

ನಾನು ಒಂದು ರಾತ್ರಿ ದೀಪ, ಫ್ಯಾನ್, ಟಿವಿ ಎಲ್ಲ ಆರಿಸಿ, ಫ್ರಿಜ್‌ನ ಪ್ಲಗ್ಗನ್ನೂ ಕಿತ್ತು, ಮೊಬೈಲ್ ಟಾರ್ಚ್ ಹಿಡಿದು ಮೀಟರ್ ಮುಂದೆ ನಿಂತೆ. ದೀಪ ಸುಮ್ಮನಿರಬೇಕಿತ್ತು. ಇರಲಿಲ್ಲ. ನಿಮಿಷಕ್ಕೊಮ್ಮೆ ಮಿನುಗುತ್ತಲೇ ಇತ್ತು. ಹುಡುಕಿದರೆ, ಟಿವಿ ಆರಿಸಿದ್ದರೂ ಎಚ್ಚರವಾಗಿಯೇ ಇದ್ದ ಸೆಟ್‌ಟಾಪ್ ಬಾಕ್ಸ್, ಜೊತೆಗೆ ವೈಫೈ ಡಬ್ಬಿ. ಎರಡೂ ಸೇರಿ ತಿಂಗಳಿಗೆ ಸುಮಾರು 13 ಯೂನಿಟ್ ತಿನ್ನುತ್ತಿದ್ದವು.

ನೀವೂ ಒಂದೊಂದೇ ಸಾಮಾನು ಹಾಕಿ ಎಣಿಸಿ. ಗೀಸರ್ ಹಾಕಿದಾಗ ಮಾತ್ರ ಎಣಿಸುವುದು ಕಷ್ಟ. 2000 ವ್ಯಾಟ್‌ನದ್ದಾದರೆ 3200ರ ಮೀಟರ್‌ನಲ್ಲಿ ನಿಮಿಷಕ್ಕೆ ನೂರು ದಾಟುತ್ತದೆ.

ಹಂತ 2: ದೊಡ್ಡ ಸೋರಿಕೆ ಮೊದಲು

60 ವ್ಯಾಟ್‌ನ ಬಲ್ಬ್ ಜಾಗಕ್ಕೆ 9 ವ್ಯಾಟ್‌ನ ಎಲ್‌ಇಡಿ ಎಲ್ಲರ ಮನೆಗೂ ಬಂದಾಯಿತು. ಈಗ ಫ್ಯಾನ್ ನೋಡಿ. ಹಳೇ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್. ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟರ್ ಇರುವ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ನಾಲ್ಕು ಫ್ಯಾನ್ ದಿನಕ್ಕೆ ಹತ್ತು ಗಂಟೆ ತಿರುಗುವ ಮನೆಯಲ್ಲಿ ತಿಂಗಳಿಗೆ 90 ಯೂನಿಟ್ ಇದ್ದದ್ದು 36ಕ್ಕೆ ಇಳಿಯುತ್ತದೆ. ದಿನಕ್ಕೊಂದು ಗಂಟೆ ಗೀಸರ್ ಉರಿದರೆ ತಿಂಗಳಿಗೆ 60 ಯೂನಿಟ್. ತಾರಸಿ ಮೇಲೆ ಸೋಲಾರ್ ವಾಟರ್ ಹೀಟರ್ ಇದ್ದರೆ ಬಿಸಿಲಿರುವ ತಿಂಗಳಲ್ಲಿ ಇದು ಪೂರ್ತಿ ಉಳಿತಾಯ. ಎಸಿ ಇದ್ದವರು 24 ಡಿಗ್ರಿಗೆ ಇಟ್ಟು, ಜೊತೆಗೆ ಫ್ಯಾನ್ ಹಾಕಿಕೊಳ್ಳಿ.

ಗೃಹಜ್ಯೋತಿ ಇದೆಯಲ್ಲ, ಯಾಕೆ ಈ ತಲೆನೋವು ಅನ್ನಬೇಡಿ. ಬಳಕೆ 200 ಯೂನಿಟ್ ದಾಟಿದ ತಿಂಗಳು ಇಡೀ ಬಿಲ್ ನಮ್ಮ ತಲೆಗೇ. ಬೇಸಿಗೆಯಲ್ಲಿ 205, 210ಕ್ಕೆ ಬಂದು ನಿಲ್ಲುವ ಮನೆಗಳಿಗೆ ಎರಡು ಫ್ಯಾನ್ ಬದಲಾಯಿಸುವುದೇ ದೊಡ್ಡ ವ್ಯತ್ಯಾಸ.

ಹಂತ 3: ನಿಮ್ಮ ಜಾಗ ಏನು ಕೊಡುತ್ತದೆ?

ಬಿಸಿಲು, ಗಾಳಿ, ನೀರು, ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ವಾದ ಮಾಡುವುದು ನನಗಂತೂ ವ್ಯರ್ಥ ಅನಿಸುತ್ತದೆ. ಶಿವನಸಮುದ್ರದಲ್ಲಿ 1902ರಲ್ಲೇ ನೀರಿನಿಂದ ಕರೆಂಟ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಅಣೆಕಟ್ಟೆಯಲ್ಲಿ ನಿಲ್ಲಿಸಿದ ನೀರಿನ ಗುಣವೇ ಇದು: ತೂಬು ಎತ್ತಿದಾಗ ಕರೆಂಟ್, ಇಳಿಸಿದಾಗ ಉಳಿತಾಯ. ಆದರೆ ಶರಾವತಿಯ ಲಿಂಗನಮಕ್ಕಿಯಲ್ಲಿ ಮುಳುಗಿದ ಊರುಗಳನ್ನು ಯಾರೂ ವಾಪಸ್ ಕೊಡಲಿಲ್ಲ. ಮಳೆಯೇ ಅಪರೂಪವಾದ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಪ್ಯಾನೆಲ್ ಹಾಸಿ 2050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಮಾಡಿದ್ದಾರೆ. ರೈತರು ಜಮೀನು ಮಾರಿಲ್ಲ, ಬಾಡಿಗೆಗೆ ಕೊಟ್ಟಿದ್ದಾರೆ.

ಗದಗ, ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರ ನೋಡಿ ಮನೆಗೂ ಒಂದು ಹಾಕಿಸೋಣ ಅನಿಸಬಹುದು. ಗಾಳಿಯ ವೇಗ ಅರ್ಧಕ್ಕೆ ಇಳಿದರೆ ಸಿಗುವ ಶಕ್ತಿ ಅರ್ಧವಲ್ಲ, ಎಂಟರಲ್ಲಿ ಒಂದು ಪಾಲು. ಸುತ್ತ ಮನೆ, ಮರ ಇರುವ ಊರಿನ ತಾರಸಿಗೆ ಅದು ಆಟದ ಸಾಮಾನು. ಆದರೆ ಮೋಡ ಮುಸುಕಿ ಸೋಲಾರ್ ಸೊರಗುವ ಮಳೆಗಾಲದಲ್ಲೇ ಗುಡ್ಡದ ಮೇಲೆ ಗಾಳಿ ಜೋರು. ರಾಜ್ಯಕ್ಕೆ ಎರಡೂ ಬೇಕಾಗುವುದು ಅದಕ್ಕೇ. ಮಲೆನಾಡಿನಲ್ಲಿ ತೋಟದ ಪಕ್ಕ ಹಳ್ಳ ಹರಿಯುತ್ತಿದ್ದರೆ ಪುಟ್ಟ ಟರ್ಬೈನ್ ಯೋಚಿಸಬಹುದು, ಬೇಸಿಗೆಗೆ ನಂಬಬೇಡಿ. ಕೊಟ್ಟಿಗೆಯಲ್ಲಿ ಮೂರು ನಾಲ್ಕು ದನ ಇದ್ದರೆ ಅಡುಗೆಗೆ ಗೋಬರ್ ಗ್ಯಾಸ್. ಉಳಿದವರಿಗೆ ತಾರಸಿ ಮೇಲಿನ ಬಿಸಿಲು.

ಹಂತ 4: ಈಗ ಅಳತೆ

ಒಂದು ಕಿಲೋವ್ಯಾಟ್ ಪ್ಯಾನೆಲ್‌ಗೆ ನೂರು ಚದರ ಅಡಿ ಜಾಗ ಬೇಕು. ವರ್ಷದ ಸರಾಸರಿ ತೆಗೆದರೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್, ತಿಂಗಳಿಗೆ 120. ಮೊದಲು 240 ಯೂನಿಟ್ ಬಳಸುತ್ತಿದ್ದ ಮನೆಗೆ ಎರಡು ಕಿಲೋವ್ಯಾಟ್ ಬೇಕಿತ್ತು. ಫ್ಯಾನ್, ಗೀಸರ್, ಸೆಟ್‌ಟಾಪ್ ಬಾಕ್ಸ್ ಸರಿಮಾಡಿದ ಮೇಲೆ ಒಂದು ಸಾಕು. 2024ರಲ್ಲಿ ಶುರುವಾದ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟ್‌ಗೆ 30,000 ರೂಪಾಯಿ, ಮೂರಕ್ಕೆ ಮತ್ತು ಮೇಲ್ಪಟ್ಟು ಒಟ್ಟು 78,000 ರೂಪಾಯಿ ಸಬ್ಸಿಡಿ ಇಟ್ಟಿದ್ದಾರೆ. ಸಬ್ಸಿಡಿ ಇದೆ ಅಂತ ಬೇಡದ್ದನ್ನು ಹಾಕಿಸಬೇಡಿ.

ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಲಿ. ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಮೂರಕ್ಕೆ ತಾರಸಿಗೆ ಹೋಗಿ ನೀರಿನ ಟ್ಯಾಂಕ್, ಪಕ್ಕದ ಮನೆಯ ತೆಂಗಿನ ಮರದ ನೆರಳು ಎಲ್ಲಿ ಬೀಳುತ್ತದೆ ನೋಡಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ. ಒಂದು ಮೂಲೆಗೆ ನೆರಳು ಬಿದ್ದರೂ ಇಡೀ ಸಾಲಿನ ಕರೆಂಟ್ ಕುಗ್ಗಬಹುದು.

ಕೊನೆಗೆ, ಹಾಕಿಸಿದ ಮೇಲೆ ತುಂಬಾ ಜನ ಬೆಚ್ಚಿಬೀಳುವ ವಿಷಯ. ಬ್ಯಾಟರಿ ಇಲ್ಲದ ಮಾಮೂಲಿ ಸೋಲಾರ್ ನಡುಮಧ್ಯಾಹ್ನವೂ ಲೈನ್‌ನಲ್ಲಿ ಕರೆಂಟ್ ಹೋದೊಡನೆ ತಾನೂ ನಿಲ್ಲುತ್ತದೆ. ಕಂಬದ ಮೇಲೆ ರಿಪೇರಿ ಮಾಡುತ್ತಿರುವ ಲೈನ್‌ಮನ್‌ಗೆ ನಿಮ್ಮ ತಾರಸಿಯ ಕರೆಂಟ್ ಹೊಡೆಯಬಾರದು ಎಂದೇ ಆ ಏರ್ಪಾಡು. ಹಾಗಾಗಿ ಮೂಲೆಯಲ್ಲಿರುವ ಹಳೇ ಯುಪಿಎಸ್ ಅನ್ನು ಗುಜರಿಗೆ ಹಾಕಬೇಡಿ.