ಜೀವವಿಜ್ಞಾನ ವಿಭಾಗದ ಸಂಶೋಧನೆಯನ್ನು ಪತ್ರಿಕೆಗೆ ತಲುಪಿಸುವ ಬಗೆ

ಕಲಬುರಗಿಯ ಪತ್ರಿಕೆಗಳ ಸ್ಥಳೀಯ ಪುಟಗಳಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಅಥವಾ ಸೂಕ್ಷ್ಮಜೀವಶಾಸ್ತ್ರ ವಿಭಾಗದ ಸುದ್ದಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಪಿಎಚ್.ಡಿ. ಪ್ರಕಟಣೆಯ ರೂಪದಲ್ಲಿ. ಸಂಶೋಧಕರ ಭಾವಚಿತ್ರ, ಮಾರ್ಗದರ್ಶಕರ ಹೆಸರು, ಕನ್ನಡ ಲಿಪಿಯಲ್ಲಿ ಅಚ್ಚಾದ ಇಂಗ್ಲಿಷ್ ಶೀರ್ಷಿಕೆ, ಇಷ್ಟೇ ಅಲ್ಲಿರುತ್ತದೆ. ವರ್ಷಗಟ್ಟಲೆ ದುಡಿದು ಕಂಡುಕೊಂಡದ್ದೇನು ಎಂಬ ಮಾತು ಇರುವುದಿಲ್ಲ. ಬಹುತೇಕ ಸಂದರ್ಭದಲ್ಲಿ ಇದು ವರದಿಗಾರರು ಕೈಬಿಟ್ಟದ್ದಲ್ಲ, ವಿಭಾಗದವರು ಬರೆದೇ ಕಳುಹಿಸದ್ದು. 1980ರಲ್ಲಿ ಆರಂಭವಾದ ಗುಲಬರ್ಗಾ ವಿಶ್ವವಿದ್ಯಾಲಯದವರಾಗಲಿ, 2009ರಲ್ಲಿ ಸ್ಥಾಪನೆಯಾದ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದವರಾಗಲಿ, ಪತ್ರಿಕಾ ಪ್ರಕಟಣೆಯನ್ನು ತಾವೇ ಕನ್ನಡದಲ್ಲಿ ಬರೆಯುವುದು ಮೊದಲ ಹೆಜ್ಜೆ. ಸಂಶೋಧನಾ ಲೇಖನದ ಸಾರಾಂಶವನ್ನು ಇಂಗ್ಲಿಷಿನಲ್ಲಿ ಕೊಟ್ಟು ‘ನೀವೇ ನೋಡಿ ಹಾಕಿ’ ಎಂದರೆ ತಪ್ಪಿಗೆ ಬಾಗಿಲು ತೆರೆದಂತೆ.

ಬರೆಯುವಾಗ ಎಲ್ಲಕ್ಕಿಂತ ಮುಖ್ಯವಾದದ್ದು, ಪ್ರಯೋಗ ಎಲ್ಲಿ ನಡೆಯಿತು ಎಂಬುದನ್ನು ಮೊದಲ ಪ್ಯಾರಾದಲ್ಲಿಯೇ ಹೇಳಿಬಿಡುವುದು. ತೊಗರಿಯ ನೆಟೆ ರೋಗದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ ಮಣ್ಣಿನಿಂದ ಬೇರಿಗೆ ಹೊಕ್ಕು, ನೀರು ಸಾಗಿಸುವ ನಾಳಗಳನ್ನು ಮುಚ್ಚಿಹಾಕುವುದರಿಂದ ಹೂವು, ಕಾಯಿ ಹಿಡಿದ ಗಿಡ ನಿಂತಲ್ಲಿಯೇ ಒಣಗುತ್ತದೆ. 2022ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ರೈತರು ಇದರಿಂದ ಅನುಭವಿಸಿದ ನಷ್ಟ ಸಣ್ಣದಲ್ಲ. ಈಗ ಸೂಕ್ಷ್ಮಜೀವಶಾಸ್ತ್ರ ವಿಭಾಗವೊಂದು ಸ್ಥಳೀಯ ಮಣ್ಣಿನಿಂದ ಬೇರ್ಪಡಿಸಿದ ಟ್ರೈಕೋಡರ್ಮಾ ಶಿಲೀಂಧ್ರವು ಗಾಜಿನ ತಟ್ಟೆಯಲ್ಲಿ ಈ ರೋಗಾಣುವಿನ ಬೆಳವಣಿಗೆಯನ್ನು ತಡೆದದ್ದನ್ನು ಕಂಡಿದೆ ಎಂದಿಟ್ಟುಕೊಳ್ಳೋಣ. ‘ನೆಟೆ ರೋಗಕ್ಕೆ ಪರಿಹಾರ ಕಂಡುಹಿಡಿದ ವಿಜ್ಞಾನಿಗಳು’ ಎಂದು ಬರೆದರೆ, ಸುದ್ದಿ ಅಚ್ಚಾದ ದಿನವೇ ಆಳಂದದ ಗೊಬ್ಬರದಂಗಡಿಯಲ್ಲಿ ರೈತರು ಅದನ್ನು ಕೇಳುತ್ತಾರೆ. ಬದಲಿಗೆ ಹೀಗೆ ಬರೆಯಬಹುದು: ‘ನೆಟೆ ರೋಗ ತರುವ ಶಿಲೀಂಧ್ರದ ಬೆಳವಣಿಗೆಯನ್ನು ತಡೆಯುವ ಇನ್ನೊಂದು ಶಿಲೀಂಧ್ರವನ್ನು ಸಂಶೋಧಕರು ಇಲ್ಲಿನ ಹೊಲದ ಮಣ್ಣಿನಲ್ಲಿ ಗುರುತಿಸಿದ್ದು, ಸದ್ಯ ಪ್ರಯೋಗಾಲಯದಲ್ಲಿ ಮಾತ್ರ ಪರೀಕ್ಷಿಸಲಾಗಿದೆ, ಹೊಲದಲ್ಲಿ ಪರೀಕ್ಷೆ ಇನ್ನಷ್ಟೇ ನಡೆಯಬೇಕಿದೆ.’ ಈ ಎರಡನೆಯ ಭಾಗವನ್ನು ಕೊನೆಯ ಪ್ಯಾರಾಕ್ಕೆ ತಳ್ಳಬಾರದು. ಜಾಗ ಸಾಲದಿದ್ದಾಗ ಡೆಸ್ಕಿನಲ್ಲಿರುವವರು, ಎಂದರೆ ಪತ್ರಿಕಾ ಕಚೇರಿಯಲ್ಲಿ ಸುದ್ದಿ ತಿದ್ದುವವರು, ಕತ್ತರಿಸುವುದು ಕೆಳಗಿನಿಂದ.

ತಟ್ಟೆ, ಕುಂಡ, ಹೊಲ ಎಂಬ ಈ ಅಂತರವೇ ಔಷಧೀಯ ಸಸ್ಯಗಳ ಸುದ್ದಿಯಲ್ಲಿ ಇನ್ನಷ್ಟು ಅಪಾಯಕಾರಿ. ಎಲೆಯ ಸಾರ ಪ್ರಯೋಗಾಲಯದಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳನ್ನು ಕೊಂದಿತು ಎಂಬುದಕ್ಕೂ ರೋಗಿ ಗುಣವಾಗುತ್ತಾನೆ ಎಂಬುದಕ್ಕೂ ನಡುವೆ ಪ್ರಾಣಿಗಳ ಮೇಲಿನ ಪರೀಕ್ಷೆ, ಮನುಷ್ಯರ ಮೇಲೆ ಹಂತ ಹಂತದ ಪರೀಕ್ಷೆ, ಅವೆಲ್ಲಕ್ಕೂ ಬೇಕಾದ ವರ್ಷಗಳು ಇವೆ. ಪ್ರಕಟಣೆಯಲ್ಲಿ ‘ಔಷಧ’ ಎಂಬ ಪದವನ್ನೇ ಬಳಸದಿರುವುದು ನನ್ನ ಮಟ್ಟಿಗೆ ಸುರಕ್ಷಿತ ದಾರಿ.

ಬಾಯಿಬಿಡುವ ಮೊದಲು ಪೇಟೆಂಟಿನ ವಿಚಾರವನ್ನೂ ನೋಡಿಕೊಳ್ಳಬೇಕು. 1970ರ ಪೇಟೆಂಟ್ ಕಾಯ್ದೆ ಹೊಸತನವನ್ನು ಕೇಳುವುದರಿಂದ, ಅರ್ಜಿ ಸಲ್ಲಿಸುವ ಮುನ್ನವೇ ವಿಧಾನದ ವಿವರ ಪತ್ರಿಕೆಯಲ್ಲಿ ಬಂದರೆ ಅದೇ ಅರ್ಜಿಗೆ ಅಡ್ಡಿಯಾಗಬಹುದು. ಚಿಂಚೋಳಿಯ ಕಾಡಿನಲ್ಲಿ ಅಪರೂಪದ ಗಿಡ ಕಂಡುಬಂದಿದ್ದರೆ ತಾಲ್ಲೂಕಿನ ಹೆಸರು ಹೇಳಿದರೆ ಸಾಕು; ಸಿಕ್ಕ ಜಾಗದ ಗುರುತು ಕೊಟ್ಟರೆ ಬೇರುಸಹಿತ ಕಿತ್ತೊಯ್ಯುವವರು ಓದುಗರಲ್ಲಿಯೂ ಇರುತ್ತಾರೆ.

ಚಿತ್ರದ ಬಗ್ಗೆ ಒಂದು ಮಾತು. ಶಾಲು, ಹಾರ, ಹೂಗುಚ್ಛಗಳ ಸಾಲುಚಿತ್ರದಿಂದ ಓದುಗನಿಗೆ ಏನೂ ತಿಳಿಯುವುದಿಲ್ಲ. ನೆಟೆ ರೋಗ ತಗುಲಿದ ತೊಗರಿ ಕಾಂಡವನ್ನು ಉದ್ದಕ್ಕೆ ಸೀಳಿದರೆ ಒಳಗೆ ಕಾಣುವ ಕಪ್ಪು ಗೆರೆಗಳನ್ನು ಬೆಳಕಿನಲ್ಲಿ ಹತ್ತಿರದಿಂದ ತೆಗೆದು ಕಳುಹಿಸಿ. ರೈತ ಅದನ್ನು ನೋಡಿದ ಕೂಡಲೇ ತನ್ನ ಹೊಲವನ್ನು ನೆನೆಯುತ್ತಾನೆ.

ಕಳುಹಿಸುವ ಕ್ರಮದಲ್ಲಿ ಸಣ್ಣ ತೊಡಕುಗಳಿವೆ. ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪ್ ಮಾಡಿದ್ದನ್ನು ವಾಟ್ಸ್‌ಆ್ಯಪಿಗೆ ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳಾಗುತ್ತವೆ, ಆದ್ದರಿಂದ ಯೂನಿಕೋಡ್ ಪಠ್ಯವನ್ನೇ ಕಳುಹಿಸಬೇಕು. ಸಹಿ, ಮೊಹರು ಹಾಕಿ ಸ್ಕ್ಯಾನ್ ಮಾಡಿದ ಪ್ರತಿ ಕಡತಕ್ಕೆ ಚೆಂದ, ವರದಿಗಾರರಿಗೆ ಮರುಟೈಪಿನ ಕೆಲಸ. ವಿಶ್ವವಿದ್ಯಾಲಯದ ಒಪ್ಪಿಗೆ ಪಡೆದು, ಪುಟ ಕಟ್ಟುವ ಸಂಜೆಯ ಗಡಿಬಿಡಿಗೆ ಮುನ್ನ, ಮಧ್ಯಾಹ್ನವೇ ತಲುಪಿಸುವುದು ಒಳ್ಳೆಯದು. ನಗರದ ಉರ್ದು ಪತ್ರಿಕೆಗಳನ್ನೂ, ಬೀದರ್ ಕಡೆಯ ಸುದ್ದಿಯಾದರೆ ಮರಾಠಿ ಓದುಗರನ್ನೂ ಮರೆಯಬಾರದು. 1966ರಿಂದ ಇರುವ ಕಲಬುರಗಿ ಆಕಾಶವಾಣಿಯ ಕೃಷಿ ಕಾರ್ಯಕ್ರಮವನ್ನು ಹೊಲದಲ್ಲಿಯೇ ಕೇಳುವವರಿದ್ದಾರೆ. ಅಲ್ಲಿಗೆ ಹೋಗುವವರು ವೈಜ್ಞಾನಿಕ ಹೆಸರುಗಳನ್ನು ಬದಿಗಿಟ್ಟು ನೆಟೆ ರೋಗ, ಗೊಡ್ಡು ರೋಗ, ಕಾಯಿಕೊರಕ ಎಂದೇ ಮಾತನಾಡಬೇಕು.

ವರದಿ ತಪ್ಪಾಗಿ ಬಂದರೆ ವರದಿಗಾರರ ಮೇಲೆ ಹರಿಹಾಯುವುದರಲ್ಲಿ ಪ್ರಯೋಜನವಿಲ್ಲ, ಏಕೆಂದರೆ ತಲೆಬರಹವನ್ನು ಸಾಮಾನ್ಯವಾಗಿ ಡೆಸ್ಕಿನವರೇ ಕೊಟ್ಟಿರುತ್ತಾರೆ. ತಪ್ಪಾದ ವಾಕ್ಯ, ಸರಿಯಾದ ವಾಕ್ಯ ಎರಡನ್ನೂ ಬರೆದು ಅಂದೇ ಕಳುಹಿಸಿದರೆ ತಿದ್ದುಪಡಿ ಬರುವ ಸಾಧ್ಯತೆ ಹೆಚ್ಚು. ಸುದ್ದಿ ಸರಿಯಾಗಿ ಬಂದಾಗಲೂ ಕೆಲಸ ಮುಗಿಯುವುದಿಲ್ಲ: ಪ್ರಕಟಣೆಯಲ್ಲಿ ಕೊಟ್ಟ ದೂರವಾಣಿಗೆ ಸೇಡಂ, ಜೇವರ್ಗಿ, ಶಹಾಪುರದಿಂದ ರೈತರು ಕರೆ ಮಾಡುತ್ತಾರೆ. ಆ ದಿನ ಕರೆ ಸ್ವೀಕರಿಸಲು ವಿಷಯ ಬಲ್ಲ ಸಂಶೋಧನಾ ವಿದ್ಯಾರ್ಥಿಯೊಬ್ಬರು ಇರಬೇಕು. ಈ ಹಂಗಾಮಿಗೆ ಯಾವ ತಳಿ, ಯಾವ ಬೀಜೋಪಚಾರ ಎಂಬ ಪ್ರಶ್ನೆ ಬಂದರೆ ಊಹಿಸಿ ಉತ್ತರಿಸದೆ, ರಾಯಚೂರು ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿರುವ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸುವಂತೆ ಅವರು ತಿಳಿಸಬೇಕು.