ಟ್ಯೂನ್ ಮಾಡಿದ ಗಾಲ್ಫ್ ಜಿಟಿಐ ಸೊರಗಿದಾಗ

ಹೆಚ್ಚು ಶಕ್ತಿಗಾಗಿ ಟ್ಯೂನ್ ಮಾಡಿದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಕಾರಿನಲ್ಲಿ ಎಂಜಿನ್ ದೀಪ ಹೊತ್ತಿಕೊಂಡ ಕೂಡಲೇ ಕೋಡ್ (ಸ್ಕ್ಯಾನರ್ ತೋರಿಸುವ ದೋಷದ ಸಂಕೇತ) ಅಳಿಸಬೇಡಿ. ಅದರ ಜೊತೆಗೆ ದಾಖಲಾದ ವೇಗ, ಲೋಡ್ (ಎಂಜಿನ್ ಮೇಲಿನ ಹೊರೆ), ಆರ್‌ಪಿಎಂಗಳನ್ನು ಮೊದಲು ಬರೆದಿಟ್ಟುಕೊಳ್ಳಿ. ಅರ್ಧ ಉತ್ತರ ಅಲ್ಲೇ ಇರುತ್ತದೆ. ದೀಪ ಮಿನುಗುತ್ತಿದ್ದರೆ ಗಾಡಿ ನಿಲ್ಲಿಸಿ. ಅದು ಮಿಸ್‌ಫೈರಿನ ಸೂಚನೆ. ಮಿಸ್‌ಫೈರ್ ಆದಾಗ ಸಿಲಿಂಡರಿನಲ್ಲಿ ಉರಿಯದೆ ಉಳಿದ ಪೆಟ್ರೋಲ್, ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಬಿಡುತ್ತದೆ.

ನಾನು ಹೆಚ್ಚು ಒಡನಾಡಿರುವುದು ಐದನೇ ತಲೆಮಾರಿನ ಜಿಟಿಐನ 2.0 ಲೀಟರ್ ಟರ್ಬೊ ಎಂಜಿನ್ನಿನೊಂದಿಗೆ. ಇದರಲ್ಲಿ ಪಿ0299 ಎಂಬ ಕೋಡ್ ಬಂದರೆ ಟರ್ಬೊ ಒತ್ತಡ ಸಾಲುತ್ತಿಲ್ಲ ಎಂದರ್ಥ, ಟರ್ಬೊ ಸತ್ತಿದೆ ಎಂದಲ್ಲ. ಮೊದಲು ಥ್ರಾಟಲ್ ಬಿಟ್ಟಾಗ ಹೆಚ್ಚುವರಿ ಟರ್ಬೊ ಒತ್ತಡವನ್ನು ಹೊರಬಿಡುವ ಡೈವರ್ಟರ್ ವಾಲ್ವ್ ಬಿಚ್ಚಿ ನೋಡಿ. ಹಳೆಯ ಮಾದರಿಯದಾದರೆ ಒಳಗಿನ ರಬ್ಬರ್ ಪೊರೆ ಹರಿದಿರಬಹುದು. ಅದು ಸರಿಯಿದ್ದರೆ ಟರ್ಬೊದ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರಿನ ಕೊಳವೆಗಳಿಗೆ ಹೊಗೆ ಹಾಯಿಸಿ ಸೋರಿಕೆ ಹುಡುಕಿ. ಕ್ಲಾಂಪ್ ಬಳಿ ಎಣ್ಣೆಯ ಜಿಡ್ಡು ಕಂಡರೆ ಮೊದಲು ಅಲ್ಲೇ ಅನುಮಾನಪಡಿ.

ಪಿ0087 ಕೋಡ್ ಬೇರೆಯೇ ಕಥೆ: ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಯಲ್ಲಿ (ಫ್ಯೂಯಲ್ ರೈಲ್) ಇಂಧನದ ಒತ್ತಡ ಕುಸಿದಿದೆ. ಎಂಜಿನ್ನಿನ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಮತ್ತು ಇಂಧನದ ಹೈ ಪ್ರೆಷರ್ ಪಂಪಿನ ನಡುವೆ ಪುಟ್ಟ ಲೋಹದ ಬಟ್ಟಲೊಂದಿದೆ, ಅದೇ ಕ್ಯಾಮ್ ಫಾಲೋವರ್. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಇಂಧನದ ಒತ್ತಡ ಇಳಿಸಿ (ಇದನ್ನು ಮರೆತರೆ ಪೆಟ್ರೋಲ್ ಮುಖಕ್ಕೇ ಚಿಮ್ಮುತ್ತದೆ), ಪಂಪ್ ಕಳಚಿ ಫಾಲೋವರನ್ನು ಹೊರತೆಗೆಯಿರಿ. ಫಾಲೋವರಿನ ಮುಖದ ಕಪ್ಪು ಲೇಪ ಪೂರ್ತಿ ಇದ್ದರೆ ಮರಳಿ ಕೂರಿಸಬಹುದು. ನಡುವೆ ಬೆಳ್ಳಗೆ ಲೋಹ ಹೊಳೆಯುತ್ತಿದ್ದರೆ ಅಂದೇ ಬದಲಿಸಿ. ತೂತು ಬಿದ್ದರೆ ಪಂಪಿಗೂ ಕ್ಯಾಮ್‌ಶಾಫ್ಟಿಗೂ ಕುತ್ತು. ಟ್ಯೂನ್ ಮಾಡಿದ ಗಾಡಿಯಲ್ಲಿ ಪ್ರತಿ ಸಲ ಎಂಜಿನ್ ಆಯಿಲ್ ಬದಲಿಸುವಾಗಲೂ ಇದನ್ನು ನೋಡಲೇಬೇಕೆಂದು ನಾನು ಹಟ ಹಿಡಿಯುತ್ತೇನೆ.

ಈಗ ಕೋಡ್ ಅಳಿಸಿ. ಟ್ರ್ಯಾಕಿನಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ಲಾಗ್ (ಸ್ಕ್ಯಾನರಿನ ದಾಖಲೆ) ತೆಗೆಯಿರಿ. ಟರ್ಬೊದಿಂದಲೂ ಇಂಧನದ ಪಂಪಿನಿಂದಲೂ ಎಂಜಿನ್ ಕೇಳಿದ ಒತ್ತಡವನ್ನೂ ಸಿಕ್ಕ ಒತ್ತಡವನ್ನೂ ಹೋಲಿಸಿ ನೋಡಿ.